ತನ್ನ ಮೇಲಿನ ಭರವಸವೂ ತಿದ್ದುವವನ ಮಾತೂ

ತನಗೆ ಒಪ್ಪಿಸಿದ ಕೆಲಸದಲ್ಲಿ ಪದೇಪದೇ ತಪ್ಪುತ್ತಿರುವ ಒಬ್ಬ ಯೌವನಸ್ಥನನ್ನು ನೋಡಿದಾಗ ಜನರು ಎರಡು ಬಗೆಯ ಬುದ್ಧಿ ಹೇಳುವದುಂಟು. ಕೆಲವರು, "ನಿನ್ನನ್ನು ನೀನು ನಂಬು, ನಿನ್ನ ಕೈಯಲ್ಲಾಗದ್ದು ಯಾವದೂ ಇಲ್ಲ" ಎಂದು ಬೆನ್ನು ತಟ್ಟುವರು. ಬೇರೆ ಕೆಲವರು, "ನೀನು ದೊಡ್ಡವನೆಂದು ಎಣಿಸಿಕೊಂಡದ್ದರಿಂದಲೇ ಹೀಗಾಯಿತು, ಇನ್ನಾದರೂ ತಗ್ಗಿ ನಡೆ" ಎಂದು ಗದರಿಸುವರು. ಮೊದಲಿನವರು ತಾವು ಧೈರ್ಯ ಕೊಟ್ಟೆವೆಂದೂ ಎರಡನೆಯವರು ತಾವು ದೀನತೆಯನ್ನು ಕಲಿಸಿದೆವೆಂದೂ ತಿಳಿದು ತೃಪ್ತರಾಗುತ್ತಾರೆ. ಆದರೆ ಈ ಮಾತುಗಳನ್ನು ಕೇಳಿಸಿಕೊಂಡವನು ರಾತ್ರಿ ಚಾಪೆಯ ಮೇಲೆ ಮಲಗಿ ಏನು ಮಾಡುತ್ತಾನೆ? ಯಾವ ಮಾತನ್ನು ಕೇಳಿದ್ದರೂ ಅವನು ಮಾಡುವ ಕೆಲಸ ಒಂದೇ. ತನ್ನನ್ನೇ ನೋಡಿಕೊಳ್ಳುತ್ತಾನೆ, ನಾನು ಶಕ್ತನೋ, ಅಶಕ್ತನೋ ಎಂದು ತನ್ನನ್ನೇ ತೂಗಿಕೊಳ್ಳುತ್ತಾನೆ. ಹೀಗಿರಲಾಗಿ, ಮನುಷ್ಯನು ತನ್ನ ಮೇಲೆ ಭರವಸವಿಡಬೇಕೋ ಬಾರದೋ, ಇಡಬೇಕಾದರೆ ಅದು ಅವನಿಗೆ ಎಲ್ಲಿಂದ ಬರುವದು, ತಿದ್ದುವವನ ಮಾತು ಅದನ್ನು ಕಟ್ಟುವದೋ ಕೆಡವುವದೋ ಎಂಬದನ್ನು ಬರೀ ಮಾತಿನಿಂದ ಚರ್ಚಿಸುವದಕ್ಕಿಂತ, ನಡೆದ ಒಂದು ಸಂಗತಿಯನ್ನು ಎದುರಿಗಿಟ್ಟುಕೊಂಡು ವಿಚಾರಿಸುವದು ಒಳ್ಳೇದು. ಆ ಸಂಗತಿಯು ಅಮೇರಿಕಾ ದೇಶದ ಒಂದು ಆಟಕ್ಕೆ ಸೇರಿದ್ದು. ಆಟದ ಮಾತು ಹಗುರವೆಂದು ಹಾಳೆಯನ್ನು ತಿರುವಿಬಿಡಬೇಡಿರಿ. ಸಾವಿರಾರು ಕಣ್ಣುಗಳ ಮುಂದೆ ಎಡವಿದ ಮನುಷ್ಯನ ಮನಸ್ಸನ್ನು ಇಷ್ಟು ತೆರವಾಗಿ ನೋಡುವ ಸ್ಥಳಗಳು ಲೋಕದಲ್ಲಿ ಹೆಚ್ಚಿಲ್ಲ.

ಅಮೇರಿಕದವರು ಫುಟ್ಬಾಲ್ ಎಂದು ಕರೆಯುವ ಆಟವು ನಮ್ಮ ಹುಡುಗರು ಶಾಲೆಯ ಬಯಲಿನಲ್ಲಿ ಕಾಲಿನಿಂದ ಒದೆಯುವ ಆಟವಲ್ಲ. ಹೆಸರು ಕಾಲಿನದಾದರೂ ಕೆಲಸವು ಹೆಚ್ಚಾಗಿ ಕೈಯದು. ನೂರು ಗಜ ಉದ್ದದ ಬಯಲಿನಲ್ಲಿ ಪಕ್ಷಕ್ಕೆ ಹನ್ನೊಂದು ಮಂದಿಯಂತೆ ಎದುರೆದುರಾಗಿ ನಿಲ್ಲುವರು. ಚೆಂಡು ದುಂಡಗಿಲ್ಲ, ಎರಡು ತುದಿಗಳಲ್ಲಿಯೂ ಚೂಪಾಗಿ, ಹನ್ನೊಂದು ಅಂಗುಲದಷ್ಟು ಉದ್ದವಾಗಿರುವದು. ಚೆಂಡನ್ನು ಹೊಂದಿರುವ ಪಕ್ಷಕ್ಕೆ ಹತ್ತು ಗಜ ಮುಂದರಿಯಲು ನಾಲ್ಕು ಸರದಿಗಳು ಸಿಕ್ಕುವವು. ಎದುರು ಪಕ್ಷದ ಕಡೆಯ ಗೆರೆಯನ್ನು ಚೆಂಡಿನೊಂದಿಗೆ ದಾಟಿದರೆ ಅದಕ್ಕೆ ಟಚ್‌ಡೌನ್ ಎಂದು ಹೆಸರು, ಆರು ಅಂಕಗಳು. ಕ್ವಾರ್ಟರ್‌ಬ್ಯಾಕ್ ಎಂಬವನು ಹಿಂದೆ ನಿಂತು ಚೆಂಡನ್ನು ಎಸೆಯುವನು. ರಿಸೀವರ್ ಎಂಬವನು ತನ್ನ ಮೇಲೆ ಕಾವಲಿರುವವನನ್ನು ತಪ್ಪಿಸಿ ಓಡಿ, ಓಡುತ್ತಲೇ ಅದನ್ನು ಹಿಡಿಯುವನು. ಈ ಹಿಡಿಯುವವನ ಪಾಡು ವಿಚಿತ್ರವಾದದ್ದು. ಉಳಿದವರ ತಪ್ಪುಗಳು ಗುಂಪಿನ ನೂಕಾಟದಲ್ಲಿ ಮುಚ್ಚಿಹೋಗುವವು; ಇವನ ತಪ್ಪು ಬರಿದಾದ ಬಯಲಿನಲ್ಲಿ, ಚೆಂಡು ನೆಲಕ್ಕೆ ಬಿದ್ದ ಕ್ಷಣದಲ್ಲಿ, ಎಲ್ಲರಿಗೂ ಕಾಣುವದು. ಅಷ್ಟು ಮಾತ್ರವಲ್ಲ, ಒಂದು ಆಟದಲ್ಲಿ ಅವನ ಕಡೆಗೆ ಚೆಂಡು ಬರುವದು ಎಷ್ಟೋ ದಿವಸ ನಾಲ್ಕೈದು ಸಲ ಮಾತ್ರ. ತಪ್ಪಿದವನು ಕೂಡಲೇ ಇನ್ನೊಂದನ್ನು ಹಿಡಿದು ತನ್ನ ಹೆಸರನ್ನು ತೊಳೆದುಕೊಳ್ಳಲಾರನು. ಬಹಳ ಹೊತ್ತು ಕಾದಿರಬೇಕು. ಕಾಯುವ ಆ ಹೊತ್ತಿನಲ್ಲಿ ಮನಸ್ಸು ಸುಮ್ಮನಿರುವದುಂಟೇ?

ನೆಲ್ಸನ್ ಆಗಲೋರ್ ಎಂಬ ಯೌವನಸ್ಥನು ಅಂಥ ಒಬ್ಬ ರಿಸೀವರನು. ಅವನು ೧೯೯೩ರಲ್ಲಿ ಆಫ್ರಿಕಾ ಖಂಡದ ನೈಜೀರಿಯಾ ದೇಶದ ಲಾಗೋಸ್ ಪಟ್ಟಣದಲ್ಲಿ ಹುಟ್ಟಿ, ಐದು ವರುಷದ ಮಗುವಾಗಿದ್ದಾಗ ಅಮೇರಿಕಕ್ಕೆ ಬಂದು, ಫ್ಲಾರಿಡಾ ಪ್ರಾಂತದ ಟ್ಯಾಂಪಾ ಎಂಬಲ್ಲಿ ಬೆಳೆದನು. ಬಳಿಕ ಲಾಸ್ ಏಂಜಲೀಸ್ ಪಟ್ಟಣದಲ್ಲಿರುವ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ೨೦೧೪ರ ಋತುವಿನಲ್ಲಿ ೧೦೪ ಚೆಂಡುಗಳನ್ನು ಹಿಡಿದು, ೧,೩೧೩ ಗಜ ಮುಂದೊಯ್ದು, ೧೨ ಟಚ್‌ಡೌನುಗಳನ್ನು ಮಾಡಿದನು. ಈ ಲೆಕ್ಕವನ್ನು ಮನಸ್ಸಿನಲ್ಲಿಡಿರಿ. ಯಾಕಂದರೆ ಅವನ ಕೈಗಳಿಗೆ ಕೆಲಸ ಗೊತ್ತಿತ್ತು ಎಂಬದಕ್ಕೆ ಅದೇ ಸಾಕ್ಷಿ. ಆ ದೇಶದಲ್ಲಿ ಸಂಬಳ ಕೊಡುವ ತಂಡಗಳು ವರುಷಕ್ಕೊಮ್ಮೆ ಕೂಡಿ, ಕಾಲೇಜುಗಳ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವದು ವಾಡಿಕೆ. ೨೦೧೫ರಲ್ಲಿ ಫಿಲಡೆಲ್ಫಿಯದ ಈಗಲ್ಸ್ ತಂಡವು ಇವನನ್ನು ಮೊದಲನೆಯ ಸುತ್ತಿನಲ್ಲಿಯೇ, ಎಲ್ಲರೊಳಗೆ ೨೦ನೆಯವನಾಗಿ ಆರಿಸಿತು. ಹೀಗೆ ಮುಂದಾಗಿ ಆರಿಸಲ್ಪಡುವದು ದೊಡ್ಡ ಮಾನ. ಆದರೆ ಆ ಮಾನದೊಂದಿಗೆ ಸಾಲವೂ ಬರುತ್ತದೆ. ಇನ್ನೂ ಮಾಡದ ಕೆಲಸಕ್ಕೆ ಮೊದಲೇ ಹೊಗಳಿಕೆಯನ್ನು ಪಡೆದವನು ಅದನ್ನು ತೀರಿಸುವ ವರೆಗೆ ನಿದ್ದೆಗೆಡುವನು. ಮೊದಲನೆಯ ವರುಷದಲ್ಲಿ ಅವನು ಹಿಡಿದದ್ದು ೨೩ ಚೆಂಡುಗಳು, ಒಂದೇ ಟಚ್‌ಡೌನ್. ಎರಡನೆಯ ವರುಷದಲ್ಲಿ ೩೬ ಚೆಂಡುಗಳು, ಎರಡು ಟಚ್‌ಡೌನ್. ಎರಡು ವರುಷಗಳ ಫಲವನ್ನು ಕೂಡಿಸಿದರೂ ಕಾಲೇಜಿನ ಒಂದು ವರುಷಕ್ಕೆ ಸಮವಾಗಲಿಲ್ಲ.

೨೦೧೬ರ ನವೆಂಬರ್ ೨೦ನೇ ತಾರೀಖು ಸಿಯಾಟಲ್ ಪಟ್ಟಣದಲ್ಲಿ ನಡೆದ ಆಟದಲ್ಲಿ ಇದೆಲ್ಲಾ ತುಟ್ಟತುದಿಗೆ ಬಂತು. ಚೆಂಡು ಹೊರಡುವ ಕ್ಷಣದಲ್ಲಿ ಏಳು ಮಂದಿಯಾದರೂ ಗೆರೆಯ ಮೇಲೆ ನಿಂತಿರಬೇಕೆಂಬದು ಆ ಆಟದ ನಿಯಮ. ಆಗಲೋರನು ತಾನು ನಿಲ್ಲತಕ್ಕ ಸ್ಥಳದಲ್ಲಿ ನಿಲ್ಲಲಿಲ್ಲ. ಅದೇ ಸರದಿಯಲ್ಲಿ ಅವನ ಜೊತೆಗಾರನಾದ ಜ್ಯಾಕ್ ಎರ್ಟ್ಸ್ ಎಂಬವನು ಚೆಂಡನ್ನು ಹಿಡಿದು ೫೭ ಗಜದ ಟಚ್‌ಡೌನ್ ಮಾಡಿದ್ದನು. ಇವನ ತಪ್ಪಿನಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಸಾಲದ್ದಕ್ಕೆ ಅದೇ ದಿವಸ, ಹತ್ತಿರ ಯಾರೂ ಇಲ್ಲದಿರುವಾಗ ತನ್ನ ಕೈಗೇ ಬಂದ ಚೆಂಡನ್ನು ಬೀಳಿಸಿದನು. ತಂಡವು ೨೬ಕ್ಕೆ ೧೫ರಂತೆ ಸೋತಿತು. ಆಟವು ತೀರಿದ ಮೇಲೆ ಅವನು ಸುದ್ದಿಗಾರರ ಮುಂದೆ ನಿಂತು, ನೆವ ಹೇಳದೆ, ತಾನು ಬಹಳವಾಗಿ ಯೋಚಿಸುತ್ತಿರುವದೂ ತನ್ನ ಮೇಲೆ ತಾನೇ ಭಾರ ಹೊರಿಸಿಕೊಳ್ಳುತ್ತಿರುವದೂ ತನ್ನ ಸಂಕಟಕ್ಕೆ ಕಾರಣವೆಂದು ತೆರೆದ ಮನಸ್ಸಿನಿಂದ ಒಪ್ಪಿಕೊಂಡನು.

ಇದನ್ನು ಕೇಳಿದವರಲ್ಲಿ ಎಷ್ಟೋ ಮಂದಿ, ಗಂಡಸು ಹೀಗೆ ಮಾತಾಡಬಾರದು, ಎದುರಾಳಿಗಳು ಕೇಳಿ ನಗುವರು ಎಂದು ಅಂದುಕೊಂಡಿರಬಹುದು. ನನಗೆ ಹಾಗೆ ತೋರುವದಿಲ್ಲ. ನೋವು ಇಂಥಲ್ಲಿ ಇದೆ ಎಂದು ಕೈಯಿಟ್ಟು ತೋರಿಸಲಾರದ ರೋಗಿಗೆ ವೈದ್ಯನು ಏನು ಮಾಡ್ಯಾನು? ಕೈ ಜಾರಿತು, ಬಿಸಿಲು ಕಣ್ಣಿಗೆ ಹೊಡೆಯಿತು, ಎಸೆದವನು ಗಟ್ಟಿಯಾಗಿ ಎಸೆದನು ಎಂದು ಹೇಳುವವನನ್ನು ತಿದ್ದುವ ದಾರಿಯೇ ಇಲ್ಲ. ಅವನ ಭರವಸವು ನೆವಗಳ ಮೇಲೆ ನಿಂತಿರುವದರಿಂದ ಒಂದು ನೆವವನ್ನು ತೆಗೆದರೆ ಅವನು ಇನ್ನೊಂದನ್ನು ಹುಡುಕುವನು. ಆಗಲೋರನು ತನ್ನ ಬಲಹೀನತೆಯನ್ನು ಹೇಳಿಕೊಂಡಾಗ ತಿದ್ದುವವನಿಗೆ ಬಾಗಿಲನ್ನು ತೆರೆದು ಕೊಟ್ಟನು.

ಹೀಗೆ ತೆರೆದ ಬಾಗಿಲಿನಿಂದ ಒಳಗೆ ಬರುವವನು ಎಂಥವನು ಎಂಬದರ ಮೇಲೆ ಬಹಳವು ನಿಂತಿದೆ. ಆ ತಂಡದ ಮುಖ್ಯ ಕೋಚ್, ಅಂದರೆ ಆಟದ ಉಪಾಧ್ಯಾಯರು, ಆಗ ಡಗ್ ಪೀಡರ್ಸನ್ ಎಂಬವರಾಗಿದ್ದರು. ಮುಂದಿನ ಆಟವು ನವೆಂಬರ್ ೨೮ರಂದು ಸ್ವಂತ ಊರಿನಲ್ಲಿಯೇ ಇತ್ತು. ಅವರು ಆಗಲೋರನನ್ನು ಆ ಆಟಕ್ಕೆ ಇಳಿಸಲಿಲ್ಲ. ಅವನ ಮನಸ್ಸಿನ ಭಾರವು ಇಳಿಯಲಿ, ಹೊರಗೆ ನಿಂತು ನೋಡಲಿ ಎಂಬದೇ ಅವರ ಎಣಿಕೆಯಾಗಿತ್ತು. ಅದರ ಮುಂದಿನ ವಾರದಲ್ಲಿ ಅವನನ್ನು ಪುನಃ ಬಯಲಿಗಿಳಿಸಿದರು. ಸಂಗತಿ ಇಷ್ಟೇ. ಆದರೆ ಈ ಇಷ್ಟರಲ್ಲಿ ವಿಚಾರಿಸತಕ್ಕದ್ದು ಬಹಳ ಇದೆ.

ಕೆಲಸದಿಂದ ಒಂದು ದಿವಸ ಹೊರಗೆ ನಿಲ್ಲಿಸುವದು ಶಿಕ್ಷೆಯಲ್ಲವೇ? ಶಿಕ್ಷೆಯೇ ಸರಿ. ಹೊರಗೆ ನಿಂತವನಿಗೆ ಅದು ಸಿಹಿಯಾಗಿ ಇರಲಾರದು. ಆದರೂ ಶಿಕ್ಷೆಯಲ್ಲಿ ಎರಡು ವಿಧಗಳುಂಟು. ನೋಡುವವರಿಗೆ ಎರಡೂ ಒಂದೇ ತರವಾಗಿ ಕಾಣುತ್ತವೆ, ಅನುಭವಿಸುವವನು ಮಾತ್ರ ಭೇದವನ್ನು ಬಲ್ಲನು. ಒಂದು ಶಿಕ್ಷೆಯು, "ನೀನು ನಮಗೆ ಬೇಡ" ಎಂದು ಹೇಳುತ್ತದೆ. ಇನ್ನೊಂದು, "ನೀನು ನಮಗೆ ಬೇಕು, ಈ ತಪ್ಪು ಬೇಡ" ಎಂದು ಹೇಳುತ್ತದೆ. ಮೊದಲನೆಯದು ಮನುಷ್ಯನನ್ನೂ ಅವನ ತಪ್ಪನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಹೊರಗೆ ಎಸೆಯುವದು. ಎರಡನೆಯದು ಅಕ್ಕಿಯಿಂದ ಕಲ್ಲನ್ನು ಆರಿಸುವ ಹೆಂಗಸಿನ ಹಾಗೆ, ಎರಡನ್ನೂ ಬೇರೆಬೇರೆಯಾಗಿ ನೋಡುವದು. ಭೇದವು ಕಾಣುವದು ಗದರಿಸಿದ ಸ್ವರದಲ್ಲಿಯಲ್ಲ, ಮಾರನೆಯ ವಾರದಲ್ಲಿ. ಮಾರನೆಯ ವಾರ ಅವನ ಸ್ಥಳವು ಅವನಿಗಾಗಿ ಉಳಿದಿದೆಯೋ? ಪೀಡರ್ಸನ್ನರು ಆ ಸ್ಥಳವನ್ನು ಉಳಿಸಿದರು.

ಅವರಿಗೆ ಈ ತಾಳ್ಮೆಯು ಎಲ್ಲಿಂದ ಬಂತೆಂದು ಹೇಳುವದು ನನ್ನ ಕೆಲಸವಲ್ಲ. ಹೃದಯವನ್ನು ಒಳಹೊಕ್ಕು ನೋಡಿದವರು ಯಾರು? ಆದರೂ ಒಂದು ವಿಷಯವನ್ನು ಹೇಳದೆ ಇರಲಾರೆನು. ಇದೇ ಪೀಡರ್ಸನ್ನರು ೧೯೯೯ರಲ್ಲಿ ತಾವೇ ಇದೇ ಫಿಲಡೆಲ್ಫಿಯದ ತಂಡದಲ್ಲಿ ಕ್ವಾರ್ಟರ್‌ಬ್ಯಾಕಾಗಿ ಆಡಿದವರು. ತಂಡವು ಆ ವರುಷ ಡೊನವನ್ ಮೆಕ್‌ನ್ಯಾಬ್ ಎಂಬ ಹೊಸಬನನ್ನು ದೊಡ್ಡ ನಿರೀಕ್ಷೆಯಿಂದ ಆರಿಸಿತ್ತು. ಅವನು ಸಿದ್ಧನಾಗುವ ವರೆಗೆ ಇವರು ಸ್ಥಳವನ್ನು ಕಾಯುತ್ತಿದ್ದರು. ಒಂಭತ್ತು ಆಟಗಳನ್ನು ಇವರು ಆರಂಭಿಸಿದರು, ಏಳರಲ್ಲಿ ಸೋತರು, ಜನರು ಹೀನಾಯವಾಗಿ ಕೂಗಿದರು, ಕಡೆಗೆ ಸ್ಥಳವು ಆ ಹೊಸಬನಿಗೆ ಹೋಯಿತು. ಅದೇ ಊರಿನ ಅದೇ ಕೂಗನ್ನು ಕೇಳಿದ ಕಿವಿಗಳು ಅವರವು. ಪೆಟ್ಟು ತಿಂದವರೆಲ್ಲರೂ ಮೃದುವಾಗುವದಿಲ್ಲ. ತಾವು ತಿಂದದ್ದನ್ನು ಇನ್ನೊಬ್ಬನಿಗೆ ಬಡ್ಡಿ ಸಮೇತ ಕೊಡುವ ಉಪಾಧ್ಯಾಯರನ್ನು ನಾವು ಬಲ್ಲೆವು. ಇವರು ಹಾಗೆ ಮಾಡಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚೆಂಡನ್ನು ಹಿಡಿಯುವದರಲ್ಲಿ ಬಲ್ಲವರು ಕಲಿಸುವದೇನಂದರೆ: ಚೆಂಡು ಎದೆಗಿಂತ ಮೇಲೆ ಬಂದರೆ ಎರಡು ಹೆಬ್ಬೆರಳುಗಳು ಕೂಡಿರಬೇಕು, ಕೆಳಗೆ ಬಂದರೆ ಕಿರುಬೆರಳುಗಳು ಕೂಡಿರಬೇಕು, ಎದೆಯಿಂದಲ್ಲ, ಬೆರಳುಗಳಿಂದ ಹಿಡಿಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ, ಚೆಂಡು ಕೈಯೊಳಗೆ ಸೇರುವ ವರೆಗೆ ಕಣ್ಣು ಅದನ್ನು ಬಿಡಬಾರದು. ಚೆಂಡುಗಳು ಬೀಳುವದು ಹೆಚ್ಚಾಗಿ ಈ ಕಡೆಯ ಕ್ಷಣದಲ್ಲಿಯೇ. ಹಿಡಿದಾಯಿತೆಂದು ಎಣಿಸಿ, ಯಾವ ಕಡೆಗೆ ಓಡಲಿ ಎಂದು ಕಣ್ಣನ್ನು ತಿರುಗಿಸುವಾಗ ಚೆಂಡು ಬೆರಳಿಗೆ ತಗಲಿ ಉರುಳುವದು. ಈ ಮೈಮರೆವು ಭರವಸವು ಹೆಚ್ಚಾದವನ ತಪ್ಪು. ಭರವಸವು ಕಡಿಮೆಯಾದವನ ತಪ್ಪು ಬೇರೆ: ಚೆಂಡು ಬರುತ್ತಿರುವಾಗಲೇ ಅವನು ಕಳೆದ ವಾರ ಬಿದ್ದ ಚೆಂಡನ್ನು ನೋಡುತ್ತಿರುವನು, ಇನ್ನೂ ಬಾರದ ಕೂಗನ್ನು ಕೇಳುತ್ತಿರುವನು. ಹೀಗೆ ಒಬ್ಬನ ಕಣ್ಣು ಮುಂದಕ್ಕೂ ಇನ್ನೊಬ್ಬನ ಕಣ್ಣು ಹಿಂದಕ್ಕೂ ಹೋಗಿ, ಇಬ್ಬರಲ್ಲಿ ಯಾರ ಕಣ್ಣೂ ಚೆಂಡಿನ ಮೇಲೆ ಇಲ್ಲ. ನಮ್ಮಲ್ಲಿ ಮನೆಗೆ ಹಂಚು ಹೊದಿಸುವಾಗ ಕೆಳಗಿನವನು ಎಸೆದ ಹಂಚನ್ನು ಏಣಿಯ ಮೇಲಿನವನು ಹಿಡಿದು ಮೇಲಕ್ಕೆ ದಾಟಿಸುವದನ್ನು ನೀವು ನೋಡಿದ್ದೀರಿ. ಅವನು ಹಂಚನ್ನು ನೋಡುತ್ತಾನೆ, ತನ್ನನ್ನು ನೋಡುವದಿಲ್ಲ. ಇದು ಒಡೆದರೆ ಮನೆಯ ಯಜಮಾನನು ಏನನ್ನುವನೋ ಎಂಬ ಯೋಚನೆಯು ಹೊಕ್ಕಿತೋ, ಆ ಗಳಿಗೆಯಲ್ಲಿಯೇ ಹಂಚು ಚೂರಾಗುವದು.

ಆದದರಿಂದ, "ನಿನ್ನನ್ನು ನಂಬು" ಎಂಬ ಬುದ್ಧಿಯೂ "ನಿನ್ನನ್ನು ನಂಬಬೇಡ" ಎಂಬ ಬುದ್ಧಿಯೂ ಬೀಳುತ್ತಿರುವವನಿಗೆ ಸಹಾಯ ಮಾಡದೆ ಹೋಗುವದು ಆಶ್ಚರ್ಯವಲ್ಲ. ಎರಡೂ ಅವನ ಕಣ್ಣನ್ನು ಅವನ ಮೇಲೆಯೇ ತಿರುಗಿಸುವವು. ಬಲ್ಲ ಉಪಾಧ್ಯಾಯನು ಅವನ ಕಣ್ಣಿಗೆ ಕೆಲಸವನ್ನು ಕೊಡುತ್ತಾನೆ: ಹೆಬ್ಬೆರಳನ್ನು ಹೀಗಿಡು, ಮೂರನೆಯ ಹೆಜ್ಜೆಯಲ್ಲಿ ತಿರುಗು. ಇಷ್ಟು ಸಣ್ಣ ಮಾತು! ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಆದರೂ ಅದರೊಳಗೆ ಒಂದು ಗುಪ್ತವಾದ ಮಾನವಿದೆ. ಯಾಕಂದರೆ ತಿದ್ದುಪಾಟಾಗದೆಂದು ಕೈಬಿಟ್ಟವನಿಗೆ ಹೆಬ್ಬೆರಳಿನ ಪಾಠವನ್ನು ಯಾರೂ ಹೇಳುವದಿಲ್ಲ.

೨೦೧೭ರಲ್ಲಿ ಈಗಲ್ಸ್ ತಂಡದ ರಿಸೀವರುಗಳಿಗೆ ಮೈಕ್ ಗ್ರೋ ಎಂಬ ಹೊಸ ಕೋಚರು ಬಂದರು. ಆ ವರುಷದ ಮಾರ್ಚಿಯಲ್ಲಿ ತಂಡವು ಹೆಸರಾಂತ ರಿಸೀವರುಗಳಿಬ್ಬರನ್ನು ಹೊರಗಿನಿಂದ ತಂದಿತ್ತು. ಇನ್ನು ಆಗಲೋರನಿಗೆ ಸ್ಥಳವೇ ಇಲ್ಲವೆಂದು ಅನೇಕರು ಎಣಿಸಿದರು. ಆದರೆ ಆಗಸ್ಟ್ ತಿಂಗಳಲ್ಲಿ ಜೋರ್ಡನ್ ಮ್ಯಾಥ್ಯೂಸ್ ಎಂಬ ರಿಸೀವರನನ್ನು ಬಫಲೋ ತಂಡಕ್ಕೆ ಬಿಟ್ಟುಕೊಟ್ಟರು, ಅವನು ನಿಲ್ಲುತ್ತಿದ್ದ ಸ್ಥಳಕ್ಕೆ ಆಗಲೋರನನ್ನು ನಿಲ್ಲಿಸಿದರು. ಆ ಸ್ಥಳಕ್ಕೆ ಸ್ಲಾಟ್ ಎಂದು ಹೆಸರು. ಅದು ಬಯಲಿನ ಅಂಚಿನಲ್ಲಿಯಲ್ಲ, ನಡುವಿಗೆ ಹತ್ತಿರ. ಅಲ್ಲಿ ನಿಂತವನು ಬೇಗಬೇಗನೆ ತಿರುಗಿ ಸಂದುಗಳಲ್ಲಿ ನುಸುಳಬೇಕು. ಎಸೆಯುವವನಿಗೂ ಅವನಿಗೂ ದೂರವು ಕಡಿಮೆ. ಇವನ ಚುರುಕು ಕಾಲುಗಳಿಗೆ ಅದು ಸರಿಯಾಗಿ ಹೊಂದಿತು. ಆ ಋತುವಿನಲ್ಲಿ ಅವನು ೬೨ ಚೆಂಡುಗಳನ್ನು ಹಿಡಿದು, ೭೬೮ ಗಜ ಮುಂದೊಯ್ದು, ೮ ಟಚ್‌ಡೌನುಗಳನ್ನು ಮಾಡಿದನು. ಹಿಂದಿನ ಎರಡು ವರುಷಗಳ ಚೆಂಡುಗಳನ್ನು ಕೂಡಿಸಿದರೆ ೫೯ ಎಂಬದನ್ನು ನೆನಸಿರಿ.

ಇಲ್ಲಿ ಒಂದು ಆಕ್ಷೇಪಣೆಯು ಹುಟ್ಟುವದು, ಮತ್ತು ಅದು ನ್ಯಾಯವಾದ ಆಕ್ಷೇಪಣೆ. ಅವನಿಗೆ ಧೈರ್ಯ ಬಂದದ್ದರಿಂದ ಚೆಂಡು ಸಿಕ್ಕಿತೋ, ಅನುಕೂಲವಾದ ಸ್ಥಳದಲ್ಲಿ ಚೆಂಡು ಸಿಕ್ಕಿದ್ದರಿಂದ ಧೈರ್ಯ ಬಂತೋ? ಎರಡನೆಯದೇ ನಿಜವಾದರೆ, ಮನಸ್ಸಿನ ವಿಷಯವಾಗಿ ನಾವು ಹೇಳಿದ್ದೆಲ್ಲಾ ವ್ಯರ್ಥವಲ್ಲವೇ. ಸ್ಥಳವನ್ನು ಬದಲಾಯಿಸಿದರೆ ಸಾಕಾಗಿತ್ತಲ್ಲಾ? ಇದಕ್ಕೆ ನಾನು ಪೂರಾ ಉತ್ತರ ಕೊಡಬಲ್ಲೆನೆಂದು ಹೇಳಿಕೊಳ್ಳುವದಿಲ್ಲ. ಸ್ಥಳದ ಬದಲಾವಣೆಯಿಂದ ಬಹಳ ಉಪಕಾರವಾಯಿತೆಂಬದು ನಿಶ್ಚಯ. ಎಡಗೈಯವನಿಗೆ ಬಲಗೈ ಕತ್ತಿಯನ್ನು ಕೊಟ್ಟು ಅವನ ಧೈರ್ಯವನ್ನು ಬೈಯುವದು ಅನ್ಯಾಯ. ತಿದ್ದುವವರು ಎಷ್ಟೋ ಸಾರಿ ಮನಸ್ಸಿನ ರೋಗವೆಂದು ಎಣಿಸುವದು ಸ್ಥಳದ ದೋಷವೇ ಆಗಿರುವದು. ಆದರೆ ಕಳೆದ ವರುಷ ಬೀಳಿಸಿದವನನ್ನು ಎಸೆಯುವವನ ಕಣ್ಣೆದುರಿಗೇ, ಚೆಂಡು ಹೆಚ್ಚಾಗಿ ಬರುವ ನಡುಬಯಲಿಗೆ ತಂದು ನಿಲ್ಲಿಸಿದರಲ್ಲಾ, ಅದಕ್ಕೆ ಏನೆನ್ನೋಣ? ಅವನನ್ನು ನಂಬಿದವರು ನಂಬಿದೆವೆಂದು ಬಾಯಿಂದ ಹೇಳಲಿಲ್ಲ, ಕೆಲಸವನ್ನು ಕೊಟ್ಟರು. ಅವನೂ ಈ ಸ್ಥಳವು ತನ್ನ ಮಾನಕ್ಕೆ ಕಡಿಮೆಯೆಂದು ಹೇಳದೆ ಅಲ್ಲಿಗೆ ಹೋಗಿ ನಿಂತನು. ಮೊದಲು ಬಂದದ್ದು ಅವನ ಧೈರ್ಯವಲ್ಲ, ಬಹುಶಃ ಅವನ ಚೆಂಡೂ ಅಲ್ಲ. ಮೊದಲು ಬಂದದ್ದು ಇನ್ನೊಬ್ಬರು ಅವನ ಮೇಲೆ ಇಟ್ಟ ಭರವಸ ಎಂದು ನನಗೆ ತೋರುತ್ತದೆ.

ಆ ಋತುವಿನ ಕಡೆಯ ಆಟವು ೨೦೧೮ರ ಫೆಬ್ರವರಿ ೪ನೇ ತಾರೀಖು ಮಿನಿಯಾಪೊಲಿಸ್ ಪಟ್ಟಣದಲ್ಲಿ ನಡೆಯಿತು. ಸೂಪರ್ ಬೌಲ್ ಎಂದು ಕರೆಯಲ್ಪಡುವ ಈ ಆಟವನ್ನು ಫಿಲಡೆಲ್ಫಿಯದವರು ಅದು ವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ಆ ದಿವಸ ಆಗಲೋರನು ೯ ಚೆಂಡುಗಳನ್ನು ಹಿಡಿದನು. ಅವನ ತಂಡದಲ್ಲಿ ಅಷ್ಟು ಹಿಡಿದವರು ಬೇರೆ ಯಾರೂ ಇಲ್ಲ. ಗೆಲುವಿಗೆ ಕಾರಣವಾದ ಕಡೆಯ ಮುನ್ನಡೆಯಲ್ಲಿ ಅವನು ಹಿಡಿದ ಚೆಂಡುಗಳ ಬೆನ್ನಲ್ಲಿಯೇ ಟಚ್‌ಡೌನ್ ಬಂತು. ಅದನ್ನು ಮಾಡಿದವನು ಜ್ಯಾಕ್ ಎರ್ಟ್ಸ್. ಸಿಯಾಟಲಿನಲ್ಲಿ ಇವನ ತಪ್ಪಿನಿಂದ ಟಚ್‌ಡೌನನ್ನು ಕಳಕೊಂಡವನು ಅವನೇ. ಈಗಲ್ಸ್ ತಂಡವು ೪೧ಕ್ಕೆ ೩೩ರಂತೆ ಗೆದ್ದಿತು.

ಕಥೆಗಾರನಾದರೆ ಇಲ್ಲಿಗೆ ನಿಲ್ಲಿಸುತ್ತಿದ್ದನು. ಆದರೆ ನಿಜವಾದ ಜೀವಮಾನಗಳು ಗೆದ್ದ ದಿವಸಕ್ಕೆ ಮುಗಿಯುವದಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ಚೆಂಡುಗಳು ಪುನಃ ಬೀಳಲಾರಂಭಿಸಿದವು. ಅಟ್ಲಾಂಟದಲ್ಲಿ ನಡೆದ ಆಟದ ಕಡೆಯ ನಿಮಿಷಗಳಲ್ಲಿ, ಹಿಡಿದಿದ್ದರೆ ತಂಡವನ್ನು ಮುಂದೆ ಒಯ್ಯಬಹುದಾಗಿದ್ದ ಉದ್ದನೆಯ ಚೆಂಡನ್ನು ಅವನು ಬೀಳಿಸಿದನು. ಸ್ವಲ್ಪ ಹೊತ್ತಿನಲ್ಲಿಯೇ ಅದಕ್ಕಿಂತ ಕಠಿಣವಾದ ಇನ್ನೊಂದನ್ನು ಹಿಡಿದನು. ತಂಡವು ಸೋತದ್ದರಿಂದ ಹಿಡಿದದ್ದನ್ನು ಯಾರೂ ನೆನಸಲಿಲ್ಲ. ಹಾಗಾದರೆ ೨೦೧೭ರಲ್ಲಿ ಬಂದ ಭರವಸವು ಸುಳ್ಳಾಗಿತ್ತೋ? ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಬಂಗಾರವೆಂದು ಅದನ್ನು ಎಣಿಸಿದರೆ, ಹೌದು, ಕಳ್ಳರು ಒಯ್ದರು. ಆದರೆ ಅದು ಆ ಜಾತಿಯ ವಸ್ತುವಲ್ಲ. ಬಾವಿಯ ನೀರಿನಂತೆ ದಿನಾಲು ಸೇದಬೇಕಾದದ್ದು. ನಿನ್ನೆ ಸೇದಿದ ಕೊಡವು ಇಂದಿನ ಅಡಿಗೆಗೆ ಸಾಲದು.

ಮಾರನೆಯ ವಾರ ಫಿಲಡೆಲ್ಫಿಯದಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ಮೇಲಿನ ಕಿಟಕಿಯಿಂದ ಮಕ್ಕಳನ್ನು ಕೆಳಕ್ಕೆ ಹಾಕುತ್ತಿದ್ದರು. ಕೆಳಗೆ ನಿಂತಿದ್ದವರು ಹಿಡಿಯುತ್ತಿದ್ದರು. ಹಿಡಿದವರಲ್ಲಿ ಒಬ್ಬನು, ಹಿಂದೆ ಬೆಂಕಿ ಆರಿಸುವ ದಳದಲ್ಲಿ ಕೆಲಸ ಮಾಡಿದವನು, ಸುದ್ದಿಗಾರರಿಗೆ ನಡೆದದ್ದನ್ನು ಹೇಳುತ್ತಾ, ತಾವು ಆಗಲೋರನಂತಲ್ಲ, ಹಿಡಿದೆವು ಎಂದು ಒಂದು ಮಾತನ್ನು ಸೇರಿಸಿದನು. ದೇಶವೆಲ್ಲಾ ಆ ಮಾತನ್ನು ಕೇಳಿ ನಕ್ಕಿತು. ಹೇಳಿದವನನ್ನು ನಾನು ದೂರಲಾರೆನು. ಉರಿಯುವ ಮನೆಯ ಮುಂದಿನಿಂದ ಆಗ ತಾನೇ ಬಂದವನು ಮಾತನ್ನು ತೂಗಿ ಆಡಲಾರನು. ಆದರೆ ಅದನ್ನು ಬಾಯಿಂದ ಬಾಯಿಗೆ ಹಂಚಿ ನಕ್ಕವರು ಯಾವ ಬೆಂಕಿಯ ಮುಂದೆಯೂ ನಿಂತಿರಲಿಲ್ಲ.

ಆಗಲೋರನು ಅದಕ್ಕೆ ಪ್ರತ್ಯುತ್ತರ ಕೊಟ್ಟನು, ಬಹಿರಂಗವಾಗಿಯೇ ಕೊಟ್ಟನು. ತನ್ನ ಚೆಂಡಿನ ವಿಷಯವಾಗಿ ಒಂದು ಮಾತೂ ಅದರಲ್ಲಿರಲಿಲ್ಲ. ಮಕ್ಕಳನ್ನು ಉಳಿಸಿದ್ದಕ್ಕಾಗಿ ಆ ಮನುಷ್ಯನನ್ನು ವಂದಿಸಿ, ಅವನೂ ಅವನ ಕುಟುಂಬದವರೂ ಊರಿನಲ್ಲಿ ನಡೆಯುವ ಮುಂದಿನ ಆಟಕ್ಕೆ ಬರಬೇಕೆಂದು ಕರೆದನು. ಮೂರು ವರುಷಗಳ ಹಿಂದೆ ಇದೇ ಊರಿನವರ ಕೂಗಿನಿಂದ ಬಾಗಿಹೋಗಿದ್ದ ಯೌವನಸ್ಥನು ಇವನೇ. ಆ ಋತುವು ಅವನಿಗೆ ಒಳ್ಳೇದಾಗಲಿಲ್ಲ. ೩೯ ಚೆಂಡುಗಳನ್ನು ಹಿಡಿದನು, ಬಳಿಕ ಫಿಲಡೆಲ್ಫಿಯವನ್ನು ಬಿಟ್ಟನು. ೨೦೨೦ರಲ್ಲಿ ಲಾಸ್ ವೇಗಾಸ್ ಪಟ್ಟಣದ ರೇಡರ್ಸ್ ತಂಡವನ್ನು ಸೇರಿ, ಪುನಃ ಹೊಸ ಕೋಚರ ಕೈಕೆಳಗೆ, ೪೮ ಚೆಂಡುಗಳನ್ನು ಹಿಡಿದು ೮೯೬ ಗಜ ಮುಂದೊಯ್ದನು. ಟಚ್‌ಡೌನುಗಳು ಎಂಟು, ೨೦೧೭ರಲ್ಲಿ ಇದ್ದಷ್ಟೇ.